ತಪ್ಪಿದ ಕೀಲಿಗೆ ದುರ್ಬಿಣಿ

ಹೋದ ವರ್ಷ ದೀಪಾವಳಿ ಮುಗಿದು ಮೂರನೇ ದಿನ. ಬೆಳಿಗ್ಗೆ ಐದೂವರೆಗೇ ಫೋನು. ಇಂಡಿ ತಾಲೂಕಿನ ನಮ್ಮೂರಿಂದ ಅಕ್ಕ. "ತಮ್ಮಾ, ಹುಡುಗಂದು ಮತ್ತ ತೋಳ ಜಾರೇತಂತ. ನೀ ಅಲ್ಲೇ ಹತ್ರ ಇದ್ದೀ, ಒಂದೀಟ ಹೋಗಿ ನೋಡಿ ಬಾರೋ" ಅಂದಳು. ಅಕ್ಕನ ಲೆಕ್ಕದಲ್ಲಿ ನಾಶಿಕ ಮತ್ತು ಔರಂಗಾಬಾದ್ ಅಕ್ಕಪಕ್ಕದ ಓಣಿಗಳು. ನಡುವೆ ಹತ್ತಿರ ಹತ್ತಿರ ಇನ್ನೂರು ಕಿಲೋಮೀಟರ್ ಇದೆ ಅಂತ ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದೇನೆ. ಆ ಊರಿನ ಹೆಸರು 2023ರಿಂದ ಛತ್ರಪತಿ ಸಂಭಾಜಿನಗರ. ಅಕ್ಕನಿಗೂ ನನಗೂ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ.

ಹುಡುಗ ಅಂದರೆ ಅಕ್ಕನ ಮಗ, ನನ್ನ ಸೋದರಳಿಯ. ವಾಳೂಜ್ ಎಂಐಡಿಸಿಯಲ್ಲಿ ಒಂದು ಕಾರ್ಖಾನೆಯ ಗುತ್ತಿಗೆ ಕೆಲಸಗಾರ. ಸಂಜೆಯಾದರೆ ಕಬಡ್ಡಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ಊರ ಜಾತ್ರೆಯ ಪಂದ್ಯದಲ್ಲಿ ಮೊದಲ ಸಲ ಬಲಗಡೆ ಭುಜದ ಕೀಲು ತಪ್ಪಿತು. ಗರಡಿಮನೆಯ ವಸ್ತಾದರು ಎಳೆದು ಕೂರಿಸಿದರು. ಎಕ್ಸ್-ರೇ ಯಾರೂ ತೆಗೆಸಲಿಲ್ಲ. ಎರಡನೇ ಸಲ ತಪ್ಪಿದ್ದು ಮಾಲು ಇಳಿಸುವಾಗ. ಮೂರನೇ ಸಲ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ! ಈ ಸಲ ಸಿಟಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದ, ಡ್ರೈವರ್ ಬ್ರೇಕ್ ಹಾಕಿದ, ಅಷ್ಟೇ.

ಯೇವಲಾ, ವೈಜಾಪುರ ದಾಟಿ ಮಧ್ಯಾಹ್ನದ ಹೊತ್ತಿಗೆ ಹೋಗಿ ಮುಟ್ಟಿದೆ. ಕೀಲು ಕೂರಿಸಿ, ಕೈಯನ್ನು ಜೋಳಿಗೆಗೆ ಹಾಕಿ ಕೂರಿಸಿದ್ದರು. ನನ್ನನ್ನು ನೋಡಿದವನೇ, "ಮಾಮಾ, ಕೀಹೋಲ್ ಆಪರೇಶನ್ ಮಾಡಿಸ್ಕೊಂಡು ಬಿಡ್ತೀನಿ. ಮೂರು ತೂತು, ಎರಡು ದಿನ, ಮುಗೀತು" ಅಂದ. ಮೊಬೈಲಿನಲ್ಲಿ ವಿಡಿಯೋ ನೋಡಿಟ್ಟುಕೊಂಡಿದ್ದ.

ನಾನು ಡಾಕ್ಟರಲ್ಲ. ಸಾತಪುರದ ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮುಂದೆ ಆಯುಷ್ಯ ಕಳೆದವನು. ಆದರೆ ಕೀಲು, ಬೇರಿಂಗು, ಸ್ಕ್ರೂ ಇವೆಲ್ಲ ನಮ್ಮ ಕಸುಬಿನ ಮಾತುಗಳೇ ಅಲ್ಲವೆ? ಆವತ್ತಿನಿಂದ ಇದರ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತ ಹೋದ ಹಾಗೆ ಇದೊಂದು ದೊಡ್ಡ ಕಥೆ ಅನ್ನಿಸಿತು.

ಮೊದಲು ಹೆಸರಿನಿಂದಲೇ ಶುರು ಮಾಡೋಣ. ಇಂಗ್ಲಿಷಿನವರು ಇದನ್ನು ಕೀಹೋಲ್ ಅಂದರು, ಅಂದರೆ ಕೀಲಿಯ ಕಿಂಡಿ. ಮರಾಠಿಯಲ್ಲಿ ಆಸ್ಪತ್ರೆಗಳ ಬೋರ್ಡಿನ ಮೇಲೆ 'ದುರ್ಬಿಣೀದ್ವಾರೆ ಶಸ್ತ್ರಕ್ರಿಯಾ' ಅಂತ ಬರೆದಿರುತ್ತಾರೆ. ನಾಶಿಕದಲ್ಲೂ ಅದೇ, ಸಂಭಾಜಿನಗರದಲ್ಲೂ ಅದೇ. ದುರ್ಬಿಣಿ ಅಂದರೆ ನಮ್ಮ ದುರ್ಬೀನು. ಒಂದು ಹೆಸರು ತೂತಿನ ಮೇಲೆ ಬೆರಳಿಡುತ್ತದೆ, ಇನ್ನೊಂದು ಕಣ್ಣಿನ ಮೇಲೆ. ಇತಿಹಾಸ ಓದಿದ ಮೇಲೆ ನನಗೆ ಮರಾಠಿ ಹೆಸರೇ ಸರಿ ಅನ್ನಿಸಿದೆ. ಯಾಕೆ ಅಂತ ಹೇಳುತ್ತೇನೆ.

* * *

ತಪ್ಪಿದ ಭುಜವನ್ನು ಮರಳಿ ಕೂರಿಸುವುದು ಮನುಷ್ಯನಿಗೆ ಬಹಳ ಹಿಂದೆಯೇ ಗೊತ್ತಿತ್ತು. ಈಜಿಪ್ತಿನಲ್ಲಿ ಇಪುಯ್ ಎಂಬ ಕುಶಲಕರ್ಮಿಯ ಗೋರಿಯಲ್ಲಿ ಸುಮಾರು 3,200 ವರ್ಷ ಹಳೆಯ ಒಂದು ಚಿತ್ರವಿದೆ. ಕೆಲಸದ ಜಾಗದಲ್ಲಿ ಒಬ್ಬ ಮಲಗಿದ್ದಾನೆ, ಇನ್ನೊಬ್ಬ ಅವನ ತೋಳು ಹಿಡಿದು ಭುಜ ಸರಿಮಾಡುತ್ತಿದ್ದಾನೆ. 1870ರಲ್ಲಿ ಸ್ವಿಟ್ಜರ್ಲೆಂಡಿನ ಥಿಯೋಡೋರ್ ಕೋಖರ್ ವಿವರಿಸಿದ ಕ್ರಮವನ್ನೇ ಅದು ಹೋಲುತ್ತದೆ ಅಂತ ವೈದ್ಯರು ಬರೆದಿದ್ದಾರೆ.

ನಮ್ಮ ಸುಶ್ರುತ ಸಂಹಿತೆ ಕೀಲು ತಪ್ಪುವುದರಲ್ಲಿ ಆರು ಬಗೆ ಹೇಳುತ್ತದೆ. ಭುಜದ ಕೀಲು ತಪ್ಪಿದರೆ ಒನಕೆಯಿಂದ ಕಂಕುಳನ್ನು ಮೇಲಕ್ಕೆತ್ತಬೇಕು, ಜಾಗಕ್ಕೆ ಕೂತ ಮೇಲೆ ಸ್ವಸ್ತಿಕದ ಆಕಾರದಲ್ಲಿ ಪಟ್ಟಿ ಕಟ್ಟಬೇಕು ಅನ್ನುತ್ತದೆ. ಗ್ರೀಸಿನ ಹಿಪೊಕ್ರೇಟಿಸನ ಹೆಸರಿನ ಗ್ರಂಥದಲ್ಲಿ ಒನಕೆಯ ಬದಲು ಹಿಮ್ಮಡಿ! ರೋಗಿಯನ್ನು ಮಲಗಿಸಿ, ಕಂಕುಳಲ್ಲಿ ಹಿಮ್ಮಡಿ ಊರಿ, ಕೈ ಎಳೆಯುವುದು. ಎರಡರಲ್ಲೂ ಉಪಾಯ ಒಂದೇ. ಕಂಕುಳಿಗೆ ಆನಿಕೆ ಕೊಟ್ಟು ಮೂಳೆಯ ತಲೆಯನ್ನು ಮೀಟುವುದು.

ನಮ್ಮ ಕಡೆ ಈ ವಿದ್ಯೆ ಉಳಿದುಕೊಂಡಿದ್ದು ಗರಡಿಮನೆಗಳಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಅಂತ ಒಂದು ಭಾಗವೇ ಇದೆ. ಪೈಲ್ವಾನರ ಊಟ, ಸಾಮು, ಪಟ್ಟು ಎಲ್ಲ ಅದರಲ್ಲಿ ಬರುತ್ತವೆ. ಬಸವಕಲ್ಯಾಣದಿಂದ ಮರಾಠವಾಡಾ ಎಷ್ಟು ದೂರ ಹೇಳಿ? ಕುಸ್ತಿಗೆ ಅಲ್ಲಿ ಗಡಿಯೇ ಇರಲಿಲ್ಲ. ನಮ್ಮ ವಸ್ತಾದ, ಅವರ ವಸ್ತಾದ, ಮಾತು ಕೂಡ ಒಂದೇ. ಕುಸ್ತಿ ಇದ್ದಲ್ಲಿ ತಪ್ಪಿದ ಕೀಲು ಇದ್ದದ್ದೇ, ಕೀಲು ಕೂರಿಸುವವನೂ ಇರಲೇಬೇಕು.

ವಸ್ತಾದರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆಸ್ಪತ್ರೆ ಇಲ್ಲದ ಕಾಲದಲ್ಲಿ ಎಷ್ಟು ಜನರ ನೋವು ಇಳಿಸಿದರೋ. ಆದರೆ ಮೂಳೆ ಮುರಿದಿದೆಯೋ ಇಲ್ಲವೋ ನೋಡದೆ ಎಳೆದರೆ ಮುರಿದದ್ದು ಇನ್ನಷ್ಟು ಸರಿಯುತ್ತದೆ. ಕಂಕುಳಲ್ಲಿ ಹಾದುಹೋಗುವ ನರಕ್ಕೆ, ರಕ್ತನಾಳಕ್ಕೆ ಪೆಟ್ಟಾಗುವುದೂ ಉಂಟು. ಇನ್ನೊಂದು ಪ್ರಶ್ನೆಗಂತೂ ಒನಕೆಯಲ್ಲಾಗಲಿ ಹಿಮ್ಮಡಿಯಲ್ಲಾಗಲಿ ಉತ್ತರ ಇರಲಿಲ್ಲ. ಕೂರಿಸಿದ್ದು ಮತ್ತೆ ಮತ್ತೆ ಯಾಕೆ ಜಾರುತ್ತದೆ?

ಈ ಪ್ರಶ್ನೆ ಹಿಪೊಕ್ರೇಟಿಸನನ್ನೂ ಕಾಡಿತ್ತು. ಅವನ ಮದ್ದು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕೆಂಪಗೆ ಕಾಯಿಸಿದ ಸಣ್ಣ ಕಬ್ಬಿಣದ ಸಲಾಕೆಯಿಂದ ಕಂಕುಳಲ್ಲಿ ಬರೆ ಹಾಕುವುದು! ಗಾಯ ಮಾಯುವಾಗ ಚರ್ಮ ಬಿಗಿದುಕೊಂಡು ಮೂಳೆ ಇಳಿಯುವ ದಾರಿ ಮುಚ್ಚಲಿ ಅಂತ. ಹಾಗೆ ನೋಡಿದರೆ ಅವನ ಯೋಚನೆ ಪೂರ್ತಿ ತಪ್ಪೇನಲ್ಲ. ಜಾರುವ ಕಡೆ ಗೋಡೆ ಕಟ್ಟಬೇಕು ಅಂತ ಅವನಿಗೆ ಹೊಳೆದಿತ್ತು. ಒಳಗೆ ಯಾವ ಗೋಡೆ ಬಿದ್ದಿದೆ ಅಂತ ಮಾತ್ರ ಅವನು ನೋಡಿರಲಿಲ್ಲ.

* * *

ಆ ಗೋಡೆ ಯಾವುದು ಅಂತ ತಿಳಿಯಲು ಭುಜದ ಕೀಲು ಹೇಗಿದೆ ಅಂತ ಗೊತ್ತಿರಬೇಕು. ತೊಡೆಯ ಕೀಲು ಒರಳಲ್ಲಿ ಕೂತ ಗುಂಡಿನ ಹಾಗೆ, ಆಳವಾಗಿ ಕೂತಿರುತ್ತದೆ. ಭುಜದ್ದು ಹಾಗಲ್ಲ. ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದು ನೆನಪಿದೆಯೆ? ಭುಜ ಅಂದರೆ ಅದೇ. ತೋಳಿನ ಮೂಳೆಯ ತಲೆ ದೊಡ್ಡ ನಿಂಬೆಹಣ್ಣು, ಅದನ್ನು ಹೊತ್ತ ಬಟ್ಟಲು ಚಮಚದಷ್ಟೇ ಆಳ. ತಲೆಯ ಕಾಲು ಭಾಗದಷ್ಟು ಮಾತ್ರ ಅದಕ್ಕೆ ತಾಗಿರುತ್ತದೆ. ಹಾಗಿರುವುದರಿಂದಲೇ ನಾವು ಬೆನ್ನು ಕೆರೆದುಕೊಳ್ಳಬಲ್ಲೆವು, ಬಾವಿಯಿಂದ ನೀರು ಸೇದಬಲ್ಲೆವು, ಕಲ್ಲು ಬೀಸಬಲ್ಲೆವು. ಎಲ್ಲ ಕಡೆ ತಿರುಗುವ ಕೀಲು ಎಲ್ಲ ಕೀಲಿಗಿಂತ ಹೆಚ್ಚು ಜಾರುತ್ತದೆ. ಜಾರುವುದು ನೂರಕ್ಕೆ ತೊಂಬತ್ತೈದು ಸಲ ಮುಂದಕ್ಕೇ.

ಬಟ್ಟಲಿನ ಸುತ್ತ ಮೆತ್ತನೆಯ, ಗಟ್ಟಿಯಾದ ಒಂದು ಬಳೆ ಇದೆ. ಇಂಗ್ಲಿಷಿನಲ್ಲಿ ಲೇಬ್ರಮ್. ನಮ್ಮ ತಾಯಂದಿರು ಕೊಡ ಕೂರಿಸಲು ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಸಿಂಬಿ ಅಂದುಕೊಳ್ಳಿ. ಸಿಂಬಿ ಒಂದು ಕಡೆ ಕಿತ್ತರೆ ಕೊಡ ಆ ಕಡೆಗೇ ವಾಲುತ್ತದೆ. ಜರ್ಮನಿಯ ಪೆರ್ಥೆಸ್ 1906ರಲ್ಲಿ ಇದನ್ನು ಗುರುತಿಸಿ, ಕಿತ್ತ ಅಂಚನ್ನು ಮರಳಿ ಮೂಳೆಗೆ ಹೊಲಿಯಬೇಕು ಅಂದ. 1923ರಲ್ಲಿ ಲಂಡನ್ನಿನ ಬ್ಲಂಡೆಲ್ ಬ್ಯಾಂಕಾರ್ಟ್ ಅದನ್ನೇ ಇನ್ನೂ ಖಚಿತವಾಗಿ ಬರೆದ. ಅಂಚು ಕಿತ್ತು ಬಂದರೆ ಅದು ತಾನಾಗಿ ಅಂಟಿಕೊಳ್ಳುವುದಿಲ್ಲ, ಅದಕ್ಕೇ ಭುಜ ಮತ್ತೆ ಜಾರುತ್ತದೆ ಅಂತ. ಇವತ್ತಿಗೂ ಈ ಗಾಯದ ಹೆಸರು ಬ್ಯಾಂಕಾರ್ಟ್.

1940ರಲ್ಲಿ ಅಮೆರಿಕದ ಹಿಲ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ಎಕ್ಸ್-ರೇ ತಜ್ಞರು ಇನ್ನೊಂದು ಸುಳಿವು ಕೊಟ್ಟರು. ಜಾರಿದ ಮೂಳೆಯ ತಲೆ ಬಟ್ಟಲಿನ ಅಂಚಿಗೆ ಬಡಿದು ಹಿಂಬದಿಯಲ್ಲಿ ಗುಳಿ ಬೀಳುತ್ತದೆ. ಅಂದರೆ ಚಮಚದ ಅಂಚೂ ಹೋಯಿತು, ನಿಂಬೆಹಣ್ಣೂ ತಗ್ಗಾಯಿತು. ಈ ಗುಳಿಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರಣವೇನೋ ಗೊತ್ತಾಯಿತು. ಆದರೆ ಅಲ್ಲಿಗೆ ತಲುಪಲು ಭುಜದ ಮುಂಭಾಗ ಕೊಯ್ದು, ಕೀಲಿನ ಮುಂದೆ ಅಡ್ಡ ಇರುವ ಸ್ನಾಯುವನ್ನು ಬಿಡಿಸಿ ಒಳಗೆ ಹೋಗಬೇಕಿತ್ತು. ಕಷ್ಟದ ಕೆಲಸ. ಅದಕ್ಕೇ ಅನೇಕ ಸರ್ಜನ್ನರು ಸುಲಭದ ದಾರಿ ಹಿಡಿದರು. 1948ರಲ್ಲಿ ಪ್ರಕಟವಾದ ಪುಟ್ಟಿ-ಪ್ಲಾಟ್ ಆಪರೇಶನ್ನಿನಲ್ಲಿ ಆ ಸ್ನಾಯುವನ್ನೇ ಮಡಚಿ ಹೊಲಿಯುತ್ತಿದ್ದರು, ಸಡಿಲ ಅಂಗಿಯನ್ನು ಮುಂದೆ ಹಿಡಿದು ಹೊಲಿದ ಹಾಗೆ. ಭುಜ ಜಾರುವುದು ನಿಲ್ಲುತ್ತಿತ್ತು, ಜೊತೆಗೆ ಕೈ ಹೊರಕ್ಕೆ ತಿರುಗುವುದೂ ನಿಲ್ಲುತ್ತಿತ್ತು. ವರ್ಷಗಳ ಮೇಲೆ ಕೆಲವರಿಗೆ ಕೀಲೇ ಸವೆಯಿತು.

1956ರ ಮಾತು ತೆಗೆದುಕೊಳ್ಳಿ. ಸಂಭಾಜಿನಗರದ ಸರಕಾರಿ ಮೆಡಿಕಲ್ ಕಾಲೇಜು, ಊರ ಜನ 'ಘಾಟಿ' ಅನ್ನುತ್ತಾರಲ್ಲ, ಶುರುವಾದದ್ದು ಆ ವರ್ಷ. ಅದೇ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆಯಿತು. ಅಲ್ಲಿಯ ತನಕ ಔರಂಗಾಬಾದ್, ಬೀದರ್, ಕಲಬುರ್ಗಿ, ರಾಯಚೂರು ಎಲ್ಲ ಒಂದೇ ಮನೆಯವು. ಆ ವರ್ಷ ಕಲಬುರ್ಗಿಯ ಒಬ್ಬ ಪೈಲ್ವಾನನಿಗೆ ನಮ್ಮ ಹುಡುಗನ ಹಾಗೆ ನಾಲ್ಕು ಸಲ ಭುಜ ತಪ್ಪಿದ್ದರೆ ಅವನ ಮುಂದೆ ಏನಿತ್ತು? ಒಂದೋ ವಸ್ತಾದರು, ಇಲ್ಲವೋ ದೊಡ್ಡ ಕೊಯ್ತ. ಕೀಲಿನೊಳಗೆ ಕೊಯ್ಯದೆ ಇಣುಕಿ ನೋಡುವ ಕೆಲಸ ಆಗ ಮುಖ್ಯವಾಗಿ ಜಪಾನಿನ ಒಂದು ಗುಂಪು ಹಟ ಹಿಡಿದು ಮಾಡುತ್ತಿತ್ತು.

* * *

ಜಪಾನೇ ಯಾಕೆ? ಇದರ ಹಿಂದಿನ ಕಾರಣ ನನಗೆ ಬಹಳ ಹಿಡಿಸಿತು. ಆಗ ಮೊಣಕಾಲಿನ ಕ್ಷಯ ಸಾಮಾನ್ಯವಾಗಿತ್ತು. ವಾಸಿಯಾದರೂ ಕಾಲು ಮಡಚಲು ಬರುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂರುವ ಜನಕ್ಕೆ ಅದು ಹೇಗೋ ನಡೆದೀತು. ನೆಲದ ಮೇಲೆ ಮಂಡಿಯೂರಿ ಕೂರುವ ಜಪಾನಿನವರಿಗೆ ಅದು ದೊಡ್ಡ ಸಂಕಟ. ಊಟಕ್ಕೆ ಚಕ್ಕಳಮಕ್ಕಳ ಹಾಕುವ ನಮಗೂ ಅದು ಅರ್ಥವಾಗುತ್ತದೆ ಅಲ್ಲವೆ? ರೋಗವನ್ನು ಬೇಗ ಕಂಡುಹಿಡಿಯಬೇಕು ಅಂತ ಟೋಕಿಯೋದ ಕೆಂಜಿ ತಾಕಾಗಿ 1918ರಲ್ಲಿ ಮೂತ್ರಕೋಶ ನೋಡುವ ನಳಿಗೆಯನ್ನು ಶವದ ಮೊಣಕಾಲಿನೊಳಗೆ ಇಳಿಸಿ ನೋಡಿದ. ಅದಕ್ಕೂ ಮೊದಲು, 1912ರಲ್ಲಿ, ಡೆನ್ಮಾರ್ಕಿನ ನಾರ್ಡೆನ್‌ಟೋಫ್ಟ್ ಬರ್ಲಿನ್ನಿನ ಸಭೆಯೊಂದರಲ್ಲಿ ಇಂಥದೇ ಉಪಕರಣದ ಬಗ್ಗೆ ಹೇಳಿದ್ದ. ಆದರೆ ಅದು ಅಲ್ಲಿಗೇ ನಿಂತಿತು. ತಾಕಾಗಿಯ ಮೊದಲ ನಳಿಗೆ 7.3 ಮಿಲಿಮೀಟರ್ ದಪ್ಪ. 1931ರ ಹೊತ್ತಿಗೆ 3.5ಕ್ಕೆ ಇಳಿಸಿದ. ಒಂದೊಂದು ಮಿಲಿಮೀಟರ್ ಇಳಿಸುವುದು ಅಂದರೆ ಏನು ಅಂತ ಲೇಥ್ ಮೇಲೆ ಕೆಲಸ ಮಾಡಿದವನಿಗೆ ಗೊತ್ತು.

ಅವನ ಶಿಷ್ಯ ಮಾಸಾಕಿ ವತಾನಾಬೆ ಯುದ್ಧದ ನಂತರ ಕೆಲಸ ಮುಂದುವರಿಸಿದ. ಸುಮಾರು 1959ರಲ್ಲಿ ಬಂದ ಅವನ 'ನಂಬರ್ 21' ನಳಿಗೆಯೇ ಜಗತ್ತಿಗೆಲ್ಲ ದಾರಿ ತೋರಿಸಿದ್ದು. ಅದರ ತುದಿಯಲ್ಲಿದ್ದ ಪುಟ್ಟ ಬಲ್ಬು ಕೆಲವೊಮ್ಮೆ ಕೀಲಿನೊಳಗೇ ಒಡೆಯುತ್ತಿತ್ತಂತೆ! 1962ರಲ್ಲಿ ಆತ ಬರೀ ನೋಡುವುದನ್ನು ದಾಟಿ, ನಳಿಗೆಯ ಮೂಲಕವೇ ಮೊಣಕಾಲಿನ ಹರಿದ ಗಾದಿಯ ಚೂರು ಕತ್ತರಿಸಿ ತೆಗೆದ. 1964ರ ಟೋಕಿಯೋ ಒಲಿಂಪಿಕ್ಸಿಗೆ ಕೆನಡಾ ತಂಡದ ಜೊತೆ ಬಂದ ರಾಬರ್ಟ್ ಜಾಕ್ಸನ್ ಈ ವಿದ್ಯೆ ಕಲಿತು ಟೊರಾಂಟೋಗೆ ಒಯ್ದ. ಅಲ್ಲಿಂದ ಅದು ಎಲ್ಲ ಕಡೆ ಹಬ್ಬಿತು.

ಮೊಣಕಾಲಿನಿಂದ ಭುಜಕ್ಕೆ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಕಿತ್ತ ಅಂಚನ್ನು ಸಣ್ಣ ತೂತಿನಿಂದ ಮೂಳೆಗೆ ಹಿಡಿಸುವುದು ಹೇಗೆ? 1980ರ ದಶಕದ ಆರಂಭದಲ್ಲಿ ಅಮೆರಿಕದ ಲ್ಯಾನಿ ಜಾನ್ಸನ್ ಲೋಹದ ಸ್ಟೇಪಲ್ ಹೊಡೆದ, ಕಾಗದಕ್ಕೆ ಪಿನ್ನು ಹೊಡೆದ ಹಾಗೆ. ಕೆಲವು ಸಡಿಲವಾಗಿ ಕೀಲನ್ನೇ ಗೀರಿದವು. ಆಮೇಲೆ ಬಂದದ್ದು ಆ್ಯಂಕರ್. ಗೋಡೆಗೆ ಪ್ಲಗ್ ಹೊಡೆಯುತ್ತೇವಲ್ಲ, ಅಂಥದ್ದೇ ಚಿಕ್ಕ ಮೊಳೆ, ಅದರ ಬಾಲಕ್ಕೆ ದಾರ. ಮೊದಲು ಲೋಹದ್ದು, ನಂತರ ಮೈಯಲ್ಲೇ ಕರಗುವುದು, ಈಗ ಪೂರ್ತಿ ದಾರದ್ದೂ ಇದೆ.

ಈಗ ಮಾಡುವ ಕ್ರಮ ಸ್ಥೂಲವಾಗಿ ಇದು. ಭುಜದ ಹಿಂದೆ ಒಂದು ತೂತು, ಅದರಿಂದ ಸುಮಾರು 4 ಮಿಲಿಮೀಟರಿನ ಕ್ಯಾಮರಾ ನಳಿಗೆ. ಮುಂದೆ ಒಂದೋ ಎರಡೋ ತೂತು, ಅವುಗಳಿಂದ ಉಪಕರಣ. ಒಳಗೆ ಉಪ್ಪುನೀರು ಹರಿಸಿ ಕೀಲನ್ನು ಉಬ್ಬಿಸುತ್ತಾರೆ. ಎಲ್ಲವೂ ಟಿವಿ ಪರದೆಯ ಮೇಲೆ ಕಾಣುತ್ತದೆ. ತಪ್ಪು ಜಾಗದಲ್ಲಿ ಅಂಟಿಕೊಂಡ ಅಂಚನ್ನು ಬಿಡಿಸಿ, ಮೂಳೆಯನ್ನು ಸ್ವಲ್ಪ ಕೆರೆದು, ಮೂರೋ ನಾಲ್ಕೋ ಆ್ಯಂಕರ್ ಕೂರಿಸಿ, ದಾರದಿಂದ ಅಂಚನ್ನು ಬಿಗಿಯುತ್ತಾರೆ. ಬ್ಯಾಂಕಾರ್ಟ್ 1923ರಲ್ಲಿ ಹೇಳಿದ್ದೇ ಕೆಲಸ, ಹೋಗುವ ದಾರಿ ಮಾತ್ರ ಬೇರೆ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಾಸ್ಟನ್ನಿನ ಕಾರ್ಟರ್ ರೋವ್ ತಂಡ 1978ರಲ್ಲಿ ಕೊಯ್ದು ಮಾಡಿದ 145 ಬ್ಯಾಂಕಾರ್ಟ್ ಆಪರೇಶನ್ನುಗಳ ಲೆಕ್ಕ ಕೊಟ್ಟಿತ್ತು. ಮತ್ತೆ ಜಾರಿದ್ದು ನೂರಕ್ಕೆ 3.5 ಮಾತ್ರ. ದುರ್ಬಿಣಿಯ ಮೊದಲ ವರ್ಷಗಳಲ್ಲಿ ಅಷ್ಟು ಒಳ್ಳೆಯ ಫಲ ಸಿಗಲಿಲ್ಲ. ಯಾಕೆ ಅಂತ ಹೇಳಿದ್ದು 2000ದಲ್ಲಿ ಅಮೆರಿಕದ ಬರ್ಕ್‌ಹಾರ್ಟ್ ಮತ್ತು ದಕ್ಷಿಣ ಆಫ್ರಿಕಾದ ಡಿ ಬೀರ್. ಅವರು ದುರ್ಬಿಣಿಯಿಂದ ಹೊಲಿದ 194 ರೋಗಿಗಳನ್ನು ಎರಡು ಪಾಲು ಮಾಡಿ ನೋಡಿದರು. ಮೂಳೆ ಹೆಚ್ಚು ಸವೆಯದ 173 ಜನರಲ್ಲಿ ಮತ್ತೆ ಜಾರಿದ್ದು 7 ಜನಕ್ಕೆ. ಬಟ್ಟಲಿನ ಅಂಚು ದೊಡ್ಡದಾಗಿ ಸವೆದಿದ್ದ, ಇಲ್ಲವೇ ತಲೆಯ ಗುಳಿ ಅಂಚಿಗೆ ಸಿಕ್ಕಿಬೀಳುವಂತಿದ್ದ 21 ಜನರಲ್ಲಿ 14 ಜನಕ್ಕೆ! ಹಿಲ್-ಸ್ಯಾಕ್ಸ್ ಗುಳಿ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಇದಕ್ಕೇ. ಗೋಡೆಯೇ ಕುಸಿದಿದ್ದರೆ ಬರೀ ಗಿಲಾವು ಎಷ್ಟು ದಿನ ನಿಂತೀತು?

ಅಂಥವರಿಗೆ ಮತ್ತೆ ಹಳೆಯ ದಾರಿಯೇ ಬೇಕಾಯಿತು. ಫ್ರಾನ್ಸಿನ ಲಿಯೋನ್ ನಗರದ ಮಿಶೆಲ್ ಲಾತಾರ್ಜೆ 1954ರಲ್ಲೇ ಒಂದು ಉಪಾಯ ಹೇಳಿದ್ದ. ಭುಜದ ಮುಂದೆ ಕಾಗೆಯ ಕೊಕ್ಕಿನ ಹಾಗೆ ಚಾಚಿಕೊಂಡ ಒಂದು ಮೂಳೆಯ ತುಂಡಿದೆ. ಅದನ್ನು ಅಂಟಿದ ಸ್ನಾಯುವಿನ ಸಮೇತ ಕತ್ತರಿಸಿ, ಬಟ್ಟಲಿನ ಸವೆದ ಅಂಚಿಗೆ ಸ್ಕ್ರೂ ಹಾಕಿ ಕೂರಿಸುವುದು. ಇದನ್ನೂ ದುರ್ಬಿಣಿಯಿಂದ ಮಾಡಬಹುದು ಅಂತ 2007ರಲ್ಲಿ ಲಾಫೋಸ್ ತೋರಿಸಿಕೊಟ್ಟ. ಆದರೆ ಅದು ಪಳಗಿದ ಕೈಗಳ ಕೆಲಸ. ಹೆಚ್ಚಿನವರು ಈಗಲೂ ಕೊಯ್ದೇ ಮಾಡುತ್ತಾರೆ.

ಹಾಗಂತ ಭುಜ ತಪ್ಪಿದವರೆಲ್ಲ ಟೇಬಲ್ ಹತ್ತಬೇಕು ಅಂತಲೂ ಇಲ್ಲ. ಸ್ವೀಡನ್ನಿನ ಹೊವೆಲಿಯಸ್ ತಂಡ ಮೊದಲ ಸಲ ಭುಜ ತಪ್ಪಿದ, ಸರಾಸರಿ 25 ವಯಸ್ಸಿನವರನ್ನು ಇಪ್ಪತ್ತೈದು ವರ್ಷ ಹಿಂಬಾಲಿಸಿ 2008ರಲ್ಲಿ ವರದಿ ಕೊಟ್ಟಿತು. ಆಪರೇಶನ್ ಇಲ್ಲದೆ ಅರ್ಧದಷ್ಟು ಭುಜಗಳು ಮತ್ತೆ ಜಾರಲೇ ಇಲ್ಲ, ಅಥವಾ ಕಾಲ ಕಳೆದಂತೆ ತಾವಾಗಿ ನಿಂತವು. ವಯಸ್ಸು ಕಡಿಮೆ ಇದ್ದಷ್ಟೂ ಜಾರುವುದು ಹೆಚ್ಚು.

ಕ್ರಿಕೆಟ್ ನೋಡುವವರಿಗೆ ಇದೆಲ್ಲ ಹೊಸದೇನಲ್ಲ. ನಮ್ಮ ಕುಂಬ್ಳೆ 2001ರ ಆಸ್ಟ್ರೇಲಿಯಾ ಸರಣಿ ಆಡದಿದ್ದದ್ದು ಭುಜದಿಂದಾಗಿಯೇ. ಆಮೇಲೆ ಮರಳಿ ಬಂದು 619 ವಿಕೆಟ್ಟಿಗೆ ಮುಗಿಸಿದರು. 2017ರ ಫೆಬ್ರವರಿಯಲ್ಲಿ ಪುಣೆಯ ಟೆಸ್ಟಿನಲ್ಲಿ ನಮ್ಮ ಕೆ.ಎಲ್. ರಾಹುಲ್ ದೊಡ್ಡ ಹೊಡೆತಕ್ಕೆ ಹೋಗಿ ಭುಜ ಹಿಡಿದುಕೊಂಡರು, ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಆಪರೇಶನ್. ಇವೆರಡೂ ಕೀಲು ತಪ್ಪಿದ ಕಥೆಗಳು ಅನ್ನುವುದಿಲ್ಲ. ಆದರೆ ಅದೇ ಪುಣೆಯ ಮೈದಾನದಲ್ಲಿ 2021ರ ಮಾರ್ಚ್ 23ರಂದು ಚೆಂಡಿಗೆ ಹಾರಿದ ಶ್ರೇಯಸ್ ಅಯ್ಯರ್‌ಗೆ ಎಡ ಭುಜ ಅರ್ಧ ಜಾರಿತು. ಏಪ್ರಿಲ್‌ನಲ್ಲಿ ಆಪರೇಶನ್, ಸೆಪ್ಟೆಂಬರಿನಲ್ಲಿ ಮತ್ತೆ ಮೈದಾನ, ನವೆಂಬರಿನಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟಿಗೇ ಶತಕ. ಅಯ್ಯರ್ ಹಿಂದೆ ಫಿಸಿಯೋ, ಟ್ರೇನರು, ತಿಂಗಳ ಸಂಬಳ ಎಲ್ಲ ಇದ್ದವು. ನಮ್ಮ ಹುಡುಗನ ಹಿಂದೆ ಒಬ್ಬ ಗುತ್ತಿಗೆದಾರ ಇದ್ದ. ಕೆಲಸಕ್ಕೆ ಬಂದ ದಿನಕ್ಕೆ ಮಾತ್ರ ದುಡ್ಡು.

* * *

ಹುಡುಗನನ್ನು ನಾಶಿಕಕ್ಕೆ ಕರೆದುಕೊಂಡು ಬಂದೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಇಂಥದಕ್ಕೆಲ್ಲ ಮುಂಬಯಿಗೆ ಹೋಗಬೇಕು ಅನ್ನುತ್ತಿದ್ದರು. ಈಗ ರಾಜ್ಯದ ವೈದ್ಯ ವಿದ್ಯಾರ್ಥಿಗಳ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯವೇ 1998ರಿಂದ ನಾಶಿಕದಲ್ಲಿದೆ. ಡಾಕ್ಟರು ಎಂಆರ್‌ಐ ನೋಡಿ, ಸಾಲದು ಅಂತ ಸಿಟಿ ಸ್ಕ್ಯಾನ್ ಬರೆದರು. ಅದನ್ನು ನೋಡಿದ ಮೇಲೆ ಹೇಳಿದರು, "ಬಟ್ಟಲಿನ ಮುಂದಿನ ಅಂಚು ಬಹಳ ಸವೆದಿದೆ. ದುರ್ಬಿಣಿಯ ಹೊಲಿಗೆ ನಿಲ್ಲೋದಿಲ್ಲ. ಕೊಯ್ದು ಮೂಳೆ ಕೂರಿಸಬೇಕು." ಲಾತಾರ್ಜೆ ಆಪರೇಶನ್.

ಹುಡುಗನ ಮುಖ ಇಳಿದುಹೋಯಿತು. ಅಕ್ಕ ಅಷ್ಟು ಹೊತ್ತಿಗೆ ಊರಿಂದ ಬಂದಿದ್ದಳು. "ಸಣ್ಣ ತೂತಿನ್ಯಾಗ ಮಾಡೋ ಡಾಕ್ಟರ ಬ್ಯಾರೆ ಕಡೆ ಸಿಗ್ತಾರೇನು ನೋಡೋ ತಮ್ಮಾ" ಅಂದಳು. ಸಿಗುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಆವತ್ತು ರಾತ್ರಿ ಸಿಂಬಿ, ಕೊಡ, ಗೋಡೆ, ಗಿಲಾವು ಎಲ್ಲ ಹೇಳಿ ಅವಳಿಗೆ ತಿಳಿಸಿದೆ. 21ರಲ್ಲಿ 14ರ ಲೆಕ್ಕವನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು, "ಮೊದಲ್ನೇ ಸಲ ತಪ್ಪಿದಾಗನ ತೋರಿಸಿದ್ರ ಸಣ್ಣ ತೂತಿನ್ಯಾಗ ಆಗತಿತ್ತೇನು?"

ಇದಕ್ಕೆ ಏನು ಹೇಳಲಿ? ಒಂದೊಂದು ಸಲ ಜಾರಿದಾಗಲೂ ಅಂಚು ಇಷ್ಟಿಷ್ಟೇ ಸವೆಯುತ್ತದೆ ಅನ್ನುವುದು ನಿಜ. ಆದರೆ ಆವತ್ತು ಜಾತ್ರೆಯಲ್ಲಿ ವಸ್ತಾದರು ಕೂರಿಸಿದಾಗ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದ್ದು ನಾನೇ. ರಜೆಗೆ ಊರಿಗೆ ಹೋಗಿದ್ದೆ. ಇನ್ನೂರು ರೂಪಾಯಿ ಇನಾಮು ಬೇರೆ ಕೊಟ್ಟಿದ್ದೆ. "ಆಗತಿತ್ತೇನೋ ಅಕ್ಕಾ" ಅಂದೆ.

ಆಪರೇಶನ್ ಆಗಿ ಎಂಟು ತಿಂಗಳು ಕಳೆದಿವೆ. ಒಂದು ತಿಂಗಳು ಜೋಳಿಗೆ, ಮೂರು ತಿಂಗಳು ವ್ಯಾಯಾಮ, ನಮ್ಮ ಮನೆಯಲ್ಲೇ ಇದ್ದ. ಹಳೆಯ ಕೆಲಸ ಹೋಯಿತು, ಈಗ ಅಂಬಡದಲ್ಲಿ ಬೇರೆ ಕಡೆ ಸೇರಿದ್ದಾನೆ. ಭುಜ ಜಾರಿಲ್ಲ. ಮುಂದೆ ನಾಲ್ಕು ಬೆರಳಗಲ ಗಾಯದ ಗುರುತು ಇದೆ, ಬನಿಯನ್ ಹಾಕಿದರೆ ಕಾಣುತ್ತದೆ. ಕಬಡ್ಡಿಗೆ ಡಾಕ್ಟರು ಹೂಂ ಅಂದಿದ್ದಾರೆ, ಅಕ್ಕ ಇನ್ನೂ ಅಂದಿಲ್ಲ.

ನಿಮ್ಮ ಮನೆಯಲ್ಲೂ ಆಡುವ ಹುಡುಗ ಹುಡುಗಿಯರು ಇರಬಹುದು. ಭುಜ ಒಮ್ಮೆ ತಪ್ಪಿದರೆ, ಯಾರೇ ಕೂರಿಸಲಿ, ಒಂದು ಎಕ್ಸ್-ರೇ ತೆಗೆಸಿ. ಎರಡನೇ ಸಲ ತಪ್ಪಿದರೆ ತಡಮಾಡದೆ ಕೀಲಿನ ಡಾಕ್ಟರಿಗೆ ತೋರಿಸಿ. ಅವರ ಮುಂದೆ ಕೂತಾಗ ತೂತು ಎಷ್ಟು, ಎಷ್ಟು ದಿನ ಅಂತ ಕೇಳುವ ಮೊದಲು, ಮೂಳೆ ಎಷ್ಟು ಉಳಿದಿದೆ ಅಂತ ಕೇಳಿ. ನಾವು ಅದನ್ನು ನಾಲ್ಕು ವರ್ಷ ತಡವಾಗಿ ಕೇಳಿದೆವು.